ತರಗತಿಯೊಳಗೆ ಇಂಜಿನಿಯರಿಂಗ್: ಏನು ಬೇಕು, ಎಲ್ಲಿ ಸಿಗುತ್ತದೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ನಲ್ಲೂರು



ವಾಣಿಜ್ಯ ವಿಭಾಗದ ಹುಡುಗಿಗೆ ಇಂಜಿನಿಯರಿಂಗ್ ಬಗ್ಗೆ ಬರೆಯುವ ಕೆಲಸ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ತಮ್ಮ ಮತ್ತು ಒಂದು 450 ರೂಪಾಯಿಯ ಆಟಿಕೆ.

ತಮ್ಮ ಏಳನೇ ತರಗತಿ ಓದುತ್ತಿದ್ದಾನೆ. ಅವನ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಅಮ್ಮಿ ಹೊಲಿಗೆಯಿಂದ ಉಳಿಸಿದ್ದ ದುಡ್ಡಿನಲ್ಲಿ 450 ರೂಪಾಯಿ ಕೊಟ್ಟರು. ಬೆಂಗಳೂರಿನಿಂದ ಒಂದು ರೆಡಿಮೇಡ್ ಗಾಳಿಯಂತ್ರದ ಮಾದರಿ ತರಿಸಿದೆವು. ಸ್ವಿಚ್ ಒತ್ತಿದರೆ ರೆಕ್ಕೆ ತಿರುಗುತ್ತದೆ, ಪಕ್ಕದ ಮನೆಯೊಳಗೆ ಚಿಕ್ಕ ಬಲ್ಬು ಉರಿಯುತ್ತದೆ. ನೋಡಲು ಬಹಳ ಚೆನ್ನಾಗಿತ್ತು. ಪ್ರದರ್ಶನಕ್ಕೆ ಬಂದ ಅತಿಥಿಗಳೊಬ್ಬರು ತಮ್ಮನನ್ನು ಪ್ರೀತಿಯಿಂದಲೇ ಕೇಳಿದರು: "ಗಾಳಿ ಬೀಸಿದರೆ ರೆಕ್ಕೆ ತಿರುಗಬೇಕು, ರೆಕ್ಕೆ ತಿರುಗಿದರೆ ಕರೆಂಟ್ ಬರಬೇಕು. ನಿನ್ನ ಯಂತ್ರದಲ್ಲಿ ಬ್ಯಾಟರಿಯೇ ರೆಕ್ಕೆ ತಿರುಗಿಸುತ್ತಿದೆಯಲ್ಲ, ಮರಿ?" ಅವನಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವನು, "ಆಪಾ, ಅದರೊಳಗೆ ಏನಿದೆ? ಬಿಚ್ಚಿ ನೋಡಲಾ?" ಎಂದು ಕೇಳಿದ. ಅಮ್ಮಿ ಅಡುಗೆಮನೆಯಿಂದಲೇ, "ಬೇಡಪ್ಪ, 450 ರೂಪಾಯಿ ಅದು" ಎಂದರು. ಆ ಗಾಳಿಯಂತ್ರ ಈಗಲೂ ನಮ್ಮ ಮನೆಯ ಟಿವಿ ಮೇಲೆ ಇದೆ. ಅದನ್ನು ಇದುವರೆಗೆ ಯಾರೂ ಬಿಚ್ಚಿಲ್ಲ.

ಮಕ್ಕಳು ಕೈಯಾರೆ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯಲು ಶಾಲೆಗೆ ಏನೇನು ಬೇಕು? ಅವು ಎಲ್ಲಿ ಸಿಗುತ್ತವೆ? ನನ್ನ ಲೆಕ್ಕಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿ ಮಾಡಲು ಶುರು ಮಾಡಿದೆ. ಆ ಪಟ್ಟಿಯೇ ಈ ಲೇಖನ.

ಇಂಜಿನಿಯರಿಂಗ್ ಚಟುವಟಿಕೆ ಎಂದರೇನು?

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ವಿಜ್ಞಾನದ ಪ್ರಯೋಗದಲ್ಲಿ ಉತ್ತರ ಮೊದಲೇ ಪುಸ್ತಕದಲ್ಲಿ ಇರುತ್ತದೆ. ನೀಲಿ ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗುತ್ತದೆ, ಎಲ್ಲರಿಗೂ ಕೆಂಪೇ ಆಗಬೇಕು. ಇಂಜಿನಿಯರಿಂಗ್ ಹಾಗಲ್ಲ. ಅಲ್ಲಿ ಒಂದು ಅಗತ್ಯ ಇರುತ್ತದೆ, ಜೊತೆಗೆ ಕೆಲವು ಮಿತಿಗಳೂ ಇರುತ್ತವೆ: ಇಷ್ಟೇ ಸಾಮಗ್ರಿ, ಇಷ್ಟೇ ದುಡ್ಡು, ಇಷ್ಟೇ ಸಮಯ. ಆ ಮಿತಿಯೊಳಗೆ ಕೆಲಸ ಮಾಡುವ ವಸ್ತುವೊಂದನ್ನು ತಯಾರಿಸಬೇಕು. ಹತ್ತು ಗುಂಪಿಗೆ ಹತ್ತು ಉತ್ತರ ಬರಬಹುದು, ಹತ್ತೂ ಸರಿ ಇರಬಹುದು.

ನಮ್ಮ ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆ ಹೋದರೆ ಮುದ್ದೇನಹಳ್ಳಿ ಸಿಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಊರು ಅದು. ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ಹೆಚ್ಚು ನೀರು ನಿಲ್ಲಿಸಬೇಕಾಗಿತ್ತು, ಆದರೆ ಪ್ರವಾಹ ಬಂದಾಗ ಕಟ್ಟೆಗೆ ಅಪಾಯ ಆಗಬಾರದಿತ್ತು. ನೀರು ಒಂದು ಮಟ್ಟ ಮುಟ್ಟಿದಾಗ ತಾವಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವು ಅಲ್ಲಿ ಅಳವಡಿಕೆಯಾದವು. ಇಲ್ಲಿ ಅಗತ್ಯವೂ ಇದೆ, ಮಿತಿಯೂ ಇದೆ, ಉಪಾಯವೂ ಇದೆ. ಇಂಜಿನಿಯರಿಂಗ್ ಎಂದರೆ ಇದೇ.

ಅಮೆರಿಕದ ಬೋಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯದವರು ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಇದನ್ನು ಐದು ಹೆಜ್ಜೆಗಳಲ್ಲಿ ಹೇಳಿದ್ದಾರೆ: ಕೇಳು, ಕಲ್ಪಿಸು, ಯೋಜನೆ ಹಾಕು, ಮಾಡು, ಸುಧಾರಿಸು. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ಹೆಜ್ಜೆ ಮಾತ್ರ ಇರುತ್ತದೆ. ರೆಡಿಮೇಡ್ ಮಾದರಿ ತಂದರೆ ಅದೂ ಇರುವುದಿಲ್ಲ. ಮೊದಲ ಹೆಜ್ಜೆಯಾದ 'ಕೇಳು' ಮಾತ್ರ ನಮ್ಮ ಮನೆಯಲ್ಲಿ ಧಾರಾಳವಾಗಿದೆ. ಏನು ಹೇಳಿದರೂ ಅಬ್ಬಾ ಮೊದಲು "ಕಾಯ್ಕು?" ಎನ್ನುತ್ತಾರೆ. ಯಾಕೆ ಎಂದು ಅರ್ಥ.

ಒಂದು ಹಾಳೆಯ ಸೇತುವೆ

ಇಂಜಿನಿಯರಿಂಗಿಗೆ ದುಡ್ಡು ಬೇಕೇ ಬೇಕು ಎನ್ನುವವರು ಮೊದಲು ಇದನ್ನು ಮಾಡಿ ನೋಡಿ. ಎರಡು ಪುಸ್ತಕದ ರಾಶಿಗಳನ್ನು 20 ಸೆಂಟಿಮೀಟರ್ ದೂರದಲ್ಲಿ ಇಡಿ. ಒಂದು ಎ4 ಹಾಳೆಯನ್ನು ಅವುಗಳ ಮೇಲೆ ಸೇತುವೆಯಂತೆ ಹಾಸಿ, ಮಧ್ಯದಲ್ಲಿ ನಾಣ್ಯ ಇಡುತ್ತಾ ಹೋಗಿ. ಹಾಳೆ ಬೇಗನೆ ಬಾಗಿ ಬೀಳುತ್ತದೆ. ಈಗ ಅದೇ ಹಾಳೆಯನ್ನು ಬೀಸಣಿಗೆಯಂತೆ ಉದ್ದಕ್ಕೂ ಒಂದೊಂದು ಸೆಂಟಿಮೀಟರಿಗೆ ಮಡಿಸಿ ಹಾಸಿ. ಕಂಪಾಸ್ ಬಾಕ್ಸ್ ಇಟ್ಟರೂ ನಿಲ್ಲುತ್ತದೆ.

ಕಾಗದ ಅಷ್ಟೇ ಇದೆ, ತೂಕವೂ ಅಷ್ಟೇ. ಬದಲಾಗಿದ್ದು ಆಕಾರ ಮಾತ್ರ. ಮಲಗಿದ್ದ ಹಾಳೆ ಮಡಿಸಿದಾಗ ಎದ್ದು ನಿಲ್ಲುತ್ತದೆ, ಎದ್ದು ನಿಂತದ್ದನ್ನು ಬಗ್ಗಿಸುವುದು ಕಷ್ಟ. ಸ್ಕೇಲನ್ನು ಮಲಗಿಸಿ ಬಗ್ಗಿಸಿ, ನಂತರ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ, ಗೊತ್ತಾಗುತ್ತದೆ. ಮನೆಯ ಮೇಲಿನ ಶೀಟು ಅಲೆ ಅಲೆಯಾಗಿರುವುದಕ್ಕೂ, ರಟ್ಟಿನ ಡಬ್ಬದ ಒಳಪದರ ಅಲೆ ಅಲೆಯಾಗಿರುವುದಕ್ಕೂ ಇದೇ ಕಾರಣ. ಮಕ್ಕಳಿಗೆ ಇದನ್ನು ಮೊದಲೇ ಹೇಳಬಾರದು. "ಒಂದೇ ಹಾಳೆ, ಅಂಟು ಇಲ್ಲ, ಹತ್ತು ನಿಮಿಷ, ಹೆಚ್ಚು ಭಾರ ಹೊರುವ ಸೇತುವೆ ಮಾಡಿ" ಎಂದು ಬಿಡಬೇಕು. ಇದಕ್ಕೆ ಆಗುವ ಖರ್ಚು ಗುಂಪಿಗೆ ಒಂದು ಹಾಳೆ.

ಬೀಗ ಹಾಕಿದ ಬೀರು

ಹಾಗಾದರೆ ಶಾಲೆಗಳಲ್ಲಿ ಸಾಮಗ್ರಿ ಇಲ್ಲವೇ? ಇರುತ್ತದೆ. ನಾನು ಹಿಂದೆ ಓದಿದ ಒಂದು ಶಾಲೆಯಲ್ಲಿ ವಿಜ್ಞಾನದ ಕಿಟ್ ಇತ್ತು. ಬೀರುವಿನ ಗಾಜಿನ ಹಿಂದೆ ಅದರ ಡಬ್ಬ ನಮಗೆ ಕಾಣುತ್ತಿತ್ತು. ಮೂರು ವರ್ಷದಲ್ಲಿ ನಾವು ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಆಗ ಮೇಷ್ಟ್ರ ಮೇಲೆ ನನಗೆ ಕೋಪ ಇತ್ತು. ಲೆಕ್ಕಶಾಸ್ತ್ರ ಓದಿದ ಮೇಲೆ ಕೋಪ ಇಳಿಯಿತು, ಕಾರಣ ಅರ್ಥವಾಯಿತು.

ಕಿಟ್ ಶಾಲೆಗೆ ಬಂದ ದಿನವೇ ದಾಸ್ತಾನು ವಹಿಯಲ್ಲಿ ನಮೂದಾಗುತ್ತದೆ. ಅದು ಶಾಲೆಯ ಆಸ್ತಿ. ತನಿಖೆಗೆ ಬಂದವರು ವಹಿ ತೆಗೆದು ಒಂದೊಂದೇ ವಸ್ತು ಎಣಿಸುತ್ತಾರೆ. ಒಂದು ಮಸೂರ ಒಡೆದಿದ್ದರೆ, ಒಂದು ಅಯಸ್ಕಾಂತ ಕಳೆದಿದ್ದರೆ, ಉತ್ತರ ಕೊಡಬೇಕಾದವರು ಮೇಷ್ಟ್ರು. ಬಳಸಿದರೆ ಪ್ರಶ್ನೆ ಬರುತ್ತದೆ, ಬೀಗ ಹಾಕಿದರೆ ಬರುವುದಿಲ್ಲ. ಹಾಗಿರುವಾಗ ಯಾರಾದರೂ ಬೀಗವನ್ನೇ ಹಾಕುತ್ತಾರೆ.

ಆದರೆ ನಮ್ಮ ಪಠ್ಯದಲ್ಲಿ ಸವಕಳಿ ಎಂಬ ಪಾಠ ಇದೆಯಲ್ಲ? ಆಸ್ತಿಯ ಬೆಲೆ ಬಳಕೆಯಿಂದ ಮಾತ್ರ ಕಡಿಮೆಯಾಗುವುದಿಲ್ಲ, ಕಾಲ ಕಳೆದಂತೆಯೂ ಕಡಿಮೆಯಾಗುತ್ತದೆ ಎಂದು ಅಲ್ಲಿ ಓದುತ್ತೇವೆ. ಬೀರುವಿನಲ್ಲಿಟ್ಟ ಸೆಲ್ಲು ಸೋರುತ್ತದೆ, ರಬ್ಬರು ಬಿರುಕು ಬಿಡುತ್ತದೆ. ಅದನ್ನು ಮುಟ್ಟಬೇಕಾಗಿದ್ದ ಮಕ್ಕಳು ಹತ್ತನೇ ತರಗತಿ ಮುಗಿಸಿ ಹೊರಟುಹೋಗುತ್ತಾರೆ. ವಹಿಯಲ್ಲಿ ಎಲ್ಲವೂ ಸರಿ ಇರುತ್ತದೆ, ನಷ್ಟ ಮಾತ್ರ ಎಲ್ಲಿಯೂ ನಮೂದಾಗುವುದಿಲ್ಲ.

ಇದರಿಂದ ನನಗೆ ತಿಳಿದ ಪಾಠ ಇಷ್ಟು: ಶಾಲೆಗೆ ಮೊದಲು ಬೇಕಾಗಿರುವುದು ಕಳೆದರೂ ಒಡೆದರೂ ಯಾರೂ ಲೆಕ್ಕ ಕೇಳದ ಸಾಮಗ್ರಿ. ಅಂದರೆ ಬಳಸಿ ಮುಗಿಸುವಂಥದ್ದು. ಹಳೆ ಪೇಪರ್, ರಟ್ಟು, ಸೈಕಲ್ ಟ್ಯೂಬು, ತಂತಿ, ಬಾಟಲಿ ಮುಚ್ಚಳ. ಅವು ಅಂಗಡಿಗಿಂತ ಗುಜರಿಯಲ್ಲೇ ಹೆಚ್ಚು ಸಿಗುತ್ತವೆ.

ಉಪಾಯಗಳು ಎಲ್ಲಿ ಸಿಗುತ್ತವೆ?

ಸಾಮಗ್ರಿ ಇದ್ದರೆ ಸಾಲದು, ಏನು ಮಾಡಬೇಕು ಎಂಬ ಉಪಾಯ ಬೇಕು. ನಾನು ಹುಡುಕಿದಾಗ ಸಿಕ್ಕವು ಇವು.

ಮೊದಲನೆಯವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿ, ಟೆಲ್ಕೋ ಕಂಪನಿಯಲ್ಲಿ ಕೆಲಸದಲ್ಲಿದ್ದವರು. 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಕೈಯಿಂದ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ 1972ರಿಂದ ನಡೆಯುತ್ತಿತ್ತು. ಸಂತೆಯಲ್ಲಿ ಸಿಗುವ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ಜ್ಯಾಮಿತಿಯ ಆಕಾರಗಳನ್ನು ಜೋಡಿಸುವುದನ್ನು ಅವರು ಮಾಡಿ ತೋರಿಸಿದರು. ಕಸದಿಂದ ಮಾಡಿದ ನೂರಾರು ಆಟಿಕೆಗಳ ಚಿತ್ರ, ವಿಡಿಯೊ ಮತ್ತು ಪುಸ್ತಕಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕನ್ನಡದಲ್ಲಿಯೂ ಇವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎರಡನೆಯದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹೊರತರುವ 'ಬಾಲವಿಜ್ಞಾನ' ಮಾಸಪತ್ರಿಕೆ. ಹತ್ತಾರು ವರ್ಷಗಳಿಂದ ಬರುತ್ತಿದೆ, ಭಾಷೆ ಶಾಲೆಯ ಮಕ್ಕಳಿಗೆ ತಿಳಿಯುವಂತಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ದೋಣಿಗಳಲ್ಲಿ ಕಾಲಿಟ್ಟಿರುವ ನನ್ನಂಥವರಿಗೆ ವಿಜ್ಞಾನದ ಕನ್ನಡ ಪದಗಳನ್ನು ಕಲಿಯಲು ಇಂಥ ಪತ್ರಿಕೆಗಳು ಒಳ್ಳೆಯ ದಾರಿ.

ಮೂರನೆಯದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ಪ್ರಾರಂಭವಾದದ್ದು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿರೂಪ ಅಲ್ಲಿದೆ. ದಿನವೂ ತಲೆಯ ಮೇಲೆ ವಿಮಾನ ಹಾರುವ ದೇವನಹಳ್ಳಿ ಕಡೆಯ ಮಕ್ಕಳು ಅದನ್ನು ಒಮ್ಮೆ ನೋಡಲೇಬೇಕು. ಪ್ರವಾಸ ಹೋದಾಗ ಫೋಟೊ ತೆಗೆದು ಬರುವ ಬದಲು, ಪ್ರತಿ ಗುಂಪೂ ಒಂದೇ ಒಂದು ಯಂತ್ರದ ಮುಂದೆ ಅರ್ಧ ಗಂಟೆ ನಿಂತು ಅದರ ಚಿತ್ರ ಬರೆದುಕೊಂಡು ಬರಲಿ.

ನಾಲ್ಕನೆಯದು ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನ. 1999ರಲ್ಲಿ ಶುರುವಾದ ಈ ಸಂಸ್ಥೆಯ ದೊಡ್ಡ ಆವರಣ ಆಂಧ್ರದ ಕುಪ್ಪಂ ಬಳಿ ಇದೆ. ಸಂಚಾರಿ ಪ್ರಯೋಗಾಲಯದ ವ್ಯಾನುಗಳನ್ನು ಅವರು ಸರ್ಕಾರಿ ಶಾಲೆಗಳ ಬಾಗಿಲಿಗೇ ಕಳಿಸುತ್ತಾರೆ.

ಇಂಗ್ಲಿಷ್ ಓದಬಲ್ಲ ಶಿಕ್ಷಕರಿಗೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ನಡೆಸುವ ಟೀಚ್ ಇಂಜಿನಿಯರಿಂಗ್ ಎಂಬ ಉಚಿತ ಸಂಗ್ರಹವೂ ಇದೆ. ತರಗತಿವಾರು ಪಾಠಗಳು, ಬೇಕಾದ ಸಾಮಗ್ರಿಯ ಪಟ್ಟಿ, ತಗಲುವ ಸಮಯ ಎಲ್ಲವನ್ನೂ ಕೊಟ್ಟಿದ್ದಾರೆ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಬಹುದು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ.

ಮಾಡುವ ವಿಧಾನವನ್ನು ಬರೆದಿಡುವುದು ಹೊಸದೇನಲ್ಲ. 1206ರಲ್ಲಿಯೇ, ಈಗಿನ ಟರ್ಕಿಯ ದಿಯಾರ್‌ಬಕೀರ್‌ನಲ್ಲಿ ಅಲ್ ಜಝರಿ ಎಂಬ ಇಂಜಿನಿಯರ್ ನೀರೆತ್ತುವ ಯಂತ್ರ, ನೀರಿನ ಗಡಿಯಾರ ಮುಂತಾದ 50 ಸಾಧನಗಳ ಬಗ್ಗೆ ಪುಸ್ತಕ ಬರೆದರು. ಇನ್ನೊಬ್ಬ ಕುಶಲಕರ್ಮಿ ಓದಿ ಮಾಡುವಂತೆ ಚಿತ್ರ ಸಹಿತ ವಿವರ ಕೊಟ್ಟರು. ಗುಟ್ಟು ಇಟ್ಟುಕೊಳ್ಳದೆ ಬರೆದಿಟ್ಟಿದ್ದರಿಂದಲೇ ಎಂಟುನೂರು ವರ್ಷದ ನಂತರವೂ ಅವರ ಯಂತ್ರಗಳನ್ನು ಜನ ಮತ್ತೆ ಕಟ್ಟಿ ನೋಡುತ್ತಿದ್ದಾರೆ.

ನಮ್ಮೂರೇ ಒಂದು ಪ್ರಯೋಗಾಲಯ

ನಲ್ಲೂರು ಎಂದರೆ ಎಲ್ಲರಿಗೂ ಹುಣಸೆ ತೋಪು ನೆನಪಾಗುತ್ತದೆ. 2007ರಲ್ಲಿ ಇದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾಯಿತು. ಅಲ್ಲಿ ಒಂದು ಕೊಂಬೆಯನ್ನೂ ಮುರಿಯದೆ ಇಂಜಿನಿಯರಿಂಗ್ ಪಾಠ ಮಾಡಬಹುದು. ಮರ ಹತ್ತದೆ ಮರದ ಎತ್ತರ ಅಳೆಯುವ ಸಾಧನ ಮಾಡಿ ಎಂದು ಮಕ್ಕಳಿಗೆ ಹೇಳಿದರೆ ಆಯಿತು.

ಒಂದು ಉತ್ತರ ಹೀಗಿದೆ. ಚೌಕದ ರಟ್ಟನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಸಿಗುವ ತ್ರಿಕೋನದಲ್ಲಿ ಒಂದು ಲಂಬಕೋನ, ಎರಡು 45 ಡಿಗ್ರಿ ಕೋನ. ಒಂದು ಗಿಡ್ಡ ಬದಿ ನೆಲಕ್ಕೆ ಸಮಾನಾಂತರವಾಗಿ, ಇನ್ನೊಂದು ನೆಟ್ಟಗೆ ನಿಲ್ಲುವಂತೆ ಹಿಡಿಯಿರಿ. ಕೈ ಓರೆಯಾಗದಿರಲು ನೆಟ್ಟಗಿರುವ ಬದಿಗೆ ದಾರ ಮತ್ತು ಕಲ್ಲು ಕಟ್ಟಿ ತೂಗುಬಿಡಿ. ಕೆಳಗಿನ ಚೂಪು ಮೂಲೆಗೆ ಕಣ್ಣಿಟ್ಟು, ಉದ್ದ ಬದಿಯ ಗುಂಟ ಮರದ ತುದಿ ಕಾಣುವವರೆಗೆ ಹಿಂದೆ ಹಿಂದೆ ನಡೆಯಿರಿ. ತುದಿ ಸರಿಯಾಗಿ ಕಂಡ ಜಾಗದಿಂದ ಬುಡದವರೆಗಿನ ದೂರ ಅಳೆದು, ನಿಮ್ಮ ಕಣ್ಣಿನ ಎತ್ತರವನ್ನು ಕೂಡಿಸಿ. ನೆಲ ಸಮತಟ್ಟಾಗಿದ್ದರೆ ಅದೇ ಮರದ ಎತ್ತರ. ಹತ್ತನೇ ತರಗತಿಯಲ್ಲಿ ಹೆದರಿಸುವ ತ್ರಿಕೋನಮಿತಿ ಏಳನೇ ತರಗತಿಯ ಮಕ್ಕಳ ಕೈಗೆ ರಟ್ಟಿನ ರೂಪದಲ್ಲಿ ಬರುತ್ತದೆ.

ತೋಪಿನಂತೆಯೇ ನಮ್ಮೂರಿನ ಜನರೂ ಪಾಠ ಹೇಳಬಲ್ಲರು. ಸೈಕಲ್ ಶಾಪಿನವರು, ಬಡಗಿ, ವೆಲ್ಡಿಂಗ್ ಕೆಲಸದವರು, ಗಾರೆ ಮೇಸ್ತ್ರಿ, ಟೈಲರ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಊರಿನ ಬಡಗಿ, ಕುಂಬಾರ, ತೋಟದ ಕೆಲಸದವರಂಥ ಕುಶಲಕರ್ಮಿಗಳಿಂದ ಕಲಿಯಬೇಕು ಎನ್ನುತ್ತದೆ. ಕರ್ನಾಟಕದ ಶಾಲೆಗಳಲ್ಲಿ 'ಸಂಭ್ರಮ ಶನಿವಾರ' ಎಂಬ ಬ್ಯಾಗ್ ರಹಿತ ದಿನವೂ ಇದೆ. ಅಂದರೆ ಇದಕ್ಕೆ ಬೇಕಾದ ಸಮಯ ಈಗಾಗಲೇ ಇದೆ, ಅದನ್ನು ತುಂಬುವ ಜನ ಬೇಕು.

ಅಬ್ಬಾ ಅಂಗಡಿಯ ತಂತಿ

ಆ ಜನರಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ ಎಂದು ನನಗೆ ತಡವಾಗಿ ಹೊಳೆಯಿತು. ಅಬ್ಬಾ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಾರೆ. ದ್ರಾಕ್ಷಿ ತೋಟದ ಮೋಟಾರ್ ಸುಟ್ಟರೆ ರಾತ್ರಿ ಹತ್ತಕ್ಕೂ ಬಂದು ಬಾಗಿಲು ತಟ್ಟುತ್ತಾರೆ. ಅವರು ಓದಿದ್ದು ಏಳನೇ ತರಗತಿ. ನಮ್ಮ ಶಾಲೆಗಳಿಗೆ ಅವರು ಬಂದದ್ದು ಅಂಕಪಟ್ಟಿಗೆ ಸಹಿ ಹಾಕಲು ಮಾತ್ರ.

ಅರವಿಂದ ಗುಪ್ತರ ವಿಡಿಯೊಗಳಲ್ಲಿ ಒಂದು ಪುಟ್ಟ ಮೋಟಾರ್ ಇದೆ: ಒಂದು ಸೆಲ್ಲು, ಎರಡು ಪಿನ್ನು, ಒಂದು ಅಯಸ್ಕಾಂತ, ಸ್ವಲ್ಪ ತಾಮ್ರದ ತಂತಿ. ನಾನೂ ತಮ್ಮನೂ ಹಳೆ ಫ್ಯಾನಿನ ತಂತಿಯಿಂದ ಮಾಡಿದೆವು, ತಿರುಗಲಿಲ್ಲ. ಸಂಜೆ ಅಬ್ಬಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಫ್ಯಾನ್ ತಂತಿ ಸಣ್ಣ, ತನ್ನ ಭಾರಕ್ಕೇ ಬಾಗುತ್ತದೆ. ಸಬ್‌ಮರ್ಸಿಬಲ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ, ಅದೂ ಆಗದು. ಸುಟ್ಟ ಮೋಟಾರಿನದ್ದಕ್ಕೆ ವಾರ್ನಿಷ್ ಹೋಗಿರುತ್ತದೆ, ಸುತ್ತು ಸುತ್ತಿಗೆ ತಾಗಿ ಶಾರ್ಟ್ ಆಗುತ್ತದೆ. ಮಾನೋಬ್ಲಾಕಿನ ಹೊಸ ರೀಲಿನಲ್ಲಿ ಕೊನೆಗೆ ತುಂಡು ಉಳಿಯುತ್ತದೆ. 22 ಗೇಜು, ಅದು ತಗೋ" ಎಂದರು. ಐದು ನಿಮಿಷದಲ್ಲಿ ಮೋಟಾರ್ ತಿರುಗಿತು. ಈ ನಾಲ್ಕು ಮಾತು ನಾನು ನೋಡಿದ ಯಾವ ವಿಡಿಯೊದಲ್ಲೂ ಇರಲಿಲ್ಲ.

ತಮ್ಮನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿದೆವು. ಶನಿವಾರ ಒಪ್ಪಿದರು. 32 ಮಕ್ಕಳು, ನಾಲ್ಕು ನಾಲ್ಕು ಜನರ 8 ಗುಂಪು. ಖರ್ಚಿನ ಲೆಕ್ಕ ನನ್ನದು:

ದೊಡ್ಡ ಸೆಲ್ಲು 8: 160 ರೂಪಾಯಿ
ಹಳೆ ಸ್ಪೀಕರಿನ ಅಯಸ್ಕಾಂತ 8, ಗುಜರಿಯಿಂದ: 80 ರೂಪಾಯಿ
ಸೇಫ್ಟಿ ಪಿನ್ನು: 20 ರೂಪಾಯಿ
ಉಜ್ಜುಕಾಗದ: 15 ರೂಪಾಯಿ
ಹಳೆ ಸೈಕಲ್ ಟ್ಯೂಬು, ತಾಮ್ರದ ತಂತಿಯ ತುಂಡು: ಉಚಿತ
ಒಟ್ಟು: 275 ರೂಪಾಯಿ

ಒಂದು ಮಗುವಿಗೆ ಸುಮಾರು 8 ರೂಪಾಯಿ 60 ಪೈಸೆ. ಟಿವಿ ಮೇಲಿನ ಗಾಳಿಯಂತ್ರದ ದುಡ್ಡಿನಲ್ಲಿ ಇಡೀ ತರಗತಿ ಮೋಟಾರ್ ಮಾಡಿ, 175 ರೂಪಾಯಿ ಉಳಿಯುತ್ತಿತ್ತು.

ಮಾಡುವ ವಿಧಾನ ಹೀಗಿದೆ. ತಂತಿಯನ್ನು ದಪ್ಪ ಮಾರ್ಕರ್ ಪೆನ್ನಿಗೆ ಹತ್ತು ಸುತ್ತು ಸುತ್ತಿ ತೆಗೆಯಿರಿ. ಎರಡು ತುದಿಗಳನ್ನು ಸುರುಳಿಗೆ ಒಂದೊಂದು ಗಂಟು ಹಾಕಿ, ಎದುರು ಬದುರು ನೇರವಾಗಿ ಮೂರು ಸೆಂಟಿಮೀಟರ್ ಚಾಚುವಂತೆ ಬಿಡಿ. ಒಂದು ತುದಿಯ ವಾರ್ನಿಷನ್ನು ಸುತ್ತಲೂ ಉಜ್ಜಿ ತೆಗೆಯಿರಿ. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು, ಇನ್ನೊಂದು ತುದಿಯ ಮೇಲಿನ ಅರ್ಧ ಭಾಗವನ್ನು ಮಾತ್ರ ಉಜ್ಜಿರಿ. ಸೆಲ್ಲಿನ ಎರಡೂ ಕೊನೆಗೆ ಒಂದೊಂದು ಸೇಫ್ಟಿ ಪಿನ್ನನ್ನು, ಅದರ ಕಣ್ಣು ಮೇಲಕ್ಕೆ ಬರುವಂತೆ, ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಹಿಡಿಸಿ. ಪಿನ್ನಿನ ಕಣ್ಣುಗಳಲ್ಲಿ ಸುರುಳಿಯ ತುದಿಗಳನ್ನು ತೂರಿಸಿ. ಸುರುಳಿಯ ಕೆಳಗೆ ಸೆಲ್ಲಿನ ಮೇಲೆ ಅಯಸ್ಕಾಂತ ಇಡಿ. ಬೆರಳಿನಿಂದ ಮೆಲ್ಲಗೆ ತಳ್ಳಿ.

ಅರ್ಧ ಮಾತ್ರ ಯಾಕೆ ಉಜ್ಜಬೇಕು? ಕರೆಂಟ್ ಹರಿದಾಗ ಸುರುಳಿಯೂ ಅಯಸ್ಕಾಂತವಾಗುತ್ತದೆ, ಕೆಳಗಿನ ಅಯಸ್ಕಾಂತ ಅದನ್ನು ತಿರುಗಿಸುತ್ತದೆ. ಆದರೆ ಅರ್ಧ ಸುತ್ತು ತಿರುಗಿದ ಮೇಲೂ ಕರೆಂಟ್ ಹರಿಯುತ್ತಿದ್ದರೆ, ಅದೇ ಬಲ ಸುರುಳಿಯನ್ನು ಹಿಂದಕ್ಕೆ ಎಳೆದು ನಿಲ್ಲಿಸುತ್ತದೆ. ವಾರ್ನಿಷ್ ಇರುವ ಭಾಗ ಪಿನ್ನಿಗೆ ತಾಗಿದಾಗ ಕರೆಂಟ್ ಕಡಿತವಾಗುತ್ತದೆ, ಸುರುಳಿ ತನ್ನ ವೇಗದಲ್ಲೇ ಮುಂದೆ ಹೋಗುತ್ತದೆ, ಮತ್ತೆ ತಾಮ್ರ ತಾಗಿ ಇನ್ನೊಮ್ಮೆ ತಳ್ಳು ಸಿಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮಾತ್ರ ತಳ್ಳುತ್ತೇವಲ್ಲ, ಹಾಗೆ.

ಎಚ್ಚರಿಕೆ: ಸುರುಳಿ ತಿರುಗದೆ ನಿಂತಿದ್ದರೆ ಕೂಡಲೇ ತೆಗೆಯಿರಿ. ತಂತಿ ಮತ್ತು ಸೆಲ್ಲು ಬಿಸಿಯಾಗುತ್ತವೆ. ಗೋಡೆಯ ಪ್ಲಗ್ಗಿಗೆ ಯಾವ ಕಾರಣಕ್ಕೂ ತಂತಿ ಹಾಕಬಾರದು.

ಆ ದಿನ 8 ಗುಂಪುಗಳಲ್ಲಿ 5 ಗುಂಪುಗಳ ಮೋಟಾರ್ ತಿರುಗಿತು, 3 ತಿರುಗಲಿಲ್ಲ. ನಿಜ ಹೇಳಬೇಕೆಂದರೆ ಆ ಮೂರರಲ್ಲೇ ಪಾಠ ಹೆಚ್ಚು ನಡೆಯಿತು. ಒಂದು ಗುಂಪು ಎರಡೂ ತುದಿಗಳನ್ನು ಪೂರ್ತಿ ಉಜ್ಜಿತ್ತು. ಇನ್ನೊಂದರ ಸುರುಳಿ ಒಂದು ಕಡೆ ಭಾರವಾಗಿತ್ತು. ಮೂರನೆಯದಕ್ಕೆ ಕಾರಣ ಯಾರಿಗೂ ಹೊಳೆಯಲಿಲ್ಲ. ಅಬ್ಬಾ ಉತ್ತರ ಹೇಳಲಿಲ್ಲ, ತಮ್ಮ ಉರ್ದು ಬೆರೆತ ಕನ್ನಡದಲ್ಲಿ "ಕಾಯ್ಕು? ಕರೆಂಟ್ ಎಲ್ಲಿಂದ ಹೋಗುತ್ತೆ, ಬೆರಳಲ್ಲಿ ತೋರಿಸಿ" ಎಂದರು. ಒಬ್ಬ ಹುಡುಗಿ ಸೆಲ್ಲಿನಿಂದ ಪಿನ್ನಿಗೆ, ಪಿನ್ನಿನಿಂದ ತಂತಿಗೆ ಬೆರಳು ಎಳೆಯುತ್ತಾ ಹೋಗಿ, ಸೆಲ್ಲಿಗೂ ಪಿನ್ನಿಗೂ ನಡುವೆ ಟ್ಯೂಬಿನ ರಬ್ಬರು ಸಿಕ್ಕಿಕೊಂಡಿರುವುದನ್ನು ಕಂಡುಹಿಡಿದಳು. ಮತ್ತೆ ಕಟ್ಟಿದರು, ತಿರುಗಿತು. ಅವಳು ಅಬ್ಬಾ ಕಡೆ ನೋಡಿ, "ಸಾರ್, ತಿರುಗ್ತಿದೆ ಸಾರ್!" ಎಂದು ಕೂಗಿದಳು.

ಅಬ್ಬಾನನ್ನು ಶಾಲೆಯೊಳಗೆ ಯಾರೋ ಸಾರ್ ಎಂದು ಕರೆದದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಅವರು ಆ ಬಗ್ಗೆ ಏನೂ ಹೇಳಲಿಲ್ಲ. ಮರುದಿನ ಅಂಗಡಿಯಲ್ಲಿ ರೀಲಿನ ಕೊನೆಯ ತುಂಡುಗಳನ್ನು ಹಾಕಲು ಒಂದು ಹಳೆ ಪೇಂಟ್ ಡಬ್ಬ ಇಟ್ಟಿದ್ದರು.

ದುಡ್ಡು ಬೇಕಾದಾಗ

ಎಲ್ಲವೂ ಗುಜರಿಯಿಂದ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸಂವೇದಕಗಳು, 3ಡಿ ಪ್ರಿಂಟರ್, ರೋಬಾಟ್ ಇವಕ್ಕೆ ದುಡ್ಡು ಬೇಕು. ಅದಕ್ಕೂ ದಾರಿಗಳಿವೆ.

ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಅದರಡಿ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯ ತೆರೆಯಲು ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಾ ಬಂದಿದ್ದಾರೆ: ಸ್ಥಾಪನೆಗೆ 10 ಲಕ್ಷ, ಐದು ವರ್ಷ ನಡೆಸಲು 10 ಲಕ್ಷ. ನಡೆಸಲು ಕೊಡುವ ಈ ಎರಡನೇ ಭಾಗವನ್ನು ಗಮನಿಸಿ. ಬರೀ ಯಂತ್ರ ಕೊಟ್ಟರೆ ಬೀರುವಿನ ಕಥೆಯೇ ಆಗುತ್ತದೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಪ್ರಯೋಗಾಲಯ ತೆರೆಯುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ್ದಾರೆ.

ಇನ್ನೊಂದು ಇನ್‌ಸ್ಪೈರ್ ಮಾನಕ್ ಪ್ರಶಸ್ತಿ. ಮಗುವಿನದೇ ಒಂದು ಹೊಸ ಆಲೋಚನೆಯನ್ನು ಶಾಲೆಯವರು ಆನ್‌ಲೈನಿನಲ್ಲಿ ಕಳಿಸಬೇಕು. ಆಯ್ಕೆಯಾದರೆ ಅದರ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತದೆ. ಶಾಲೆ ಹೆಸರು ಕಳಿಸದಿದ್ದರೆ ಮಗು ತಾನಾಗಿ ಅರ್ಜಿ ಹಾಕಲಾಗದು. ಆದ್ದರಿಂದ ಪೋಷಕರು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ: "ಈ ವರ್ಷ ನಮ್ಮ ಶಾಲೆಯಿಂದ ಆಲೋಚನೆಗಳು ಹೋಗಿವೆಯೇ?"

ಅರ್ಜಿ ಹಾಕುವಾಗ ಒಂದು ಮಾತು ನೆನಪಿರಲಿ. ರಟ್ಟು, ತಂತಿಗಳಿಂದ ವರ್ಷವಿಡೀ ಚಟುವಟಿಕೆ ಮಾಡಿದ ಶಾಲೆಗೆ ಹೇಳಿಕೊಳ್ಳಲು ಅನುಭವ ಇರುತ್ತದೆ. ದೊಡ್ಡ ಕಿಟ್ ಬಂದಾಗ ಅದನ್ನು ಹೊರತೆಗೆಯುವ ಧೈರ್ಯವೂ ಆ ಶಾಲೆಯವರಿಗೇ ಇರುತ್ತದೆ.

ನಾವೇನು ಮಾಡಬಹುದು?

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಸ್ನೇಹಿತರಿಗೆ ಸರ್ಕ್ಯೂಟ್ ಗೊತ್ತು. ನಮಗೆ ವಾಣಿಜ್ಯದವರಿಗೆ ಲೆಕ್ಕ ಗೊತ್ತು. ಕಲಾ ವಿಭಾಗದವರಲ್ಲಿ ಚೆನ್ನಾಗಿ ಕನ್ನಡ ಬರೆಯುವವರಿದ್ದಾರೆ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಮೆಕ್ಯಾನಿಕ್, ಬಡಗಿ, ಟೈಲರ್, ಡ್ರೈವರ್ ಇದ್ದಾರೆ. ಪ್ರತಿಯೊಬ್ಬರೂ ತಾವು ಓದಿದ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ಒಂದು ಶನಿವಾರ ಕೊಡೋಣ. ಹೋಗುವ ಮೊದಲು ಮೂರು ಕೆಲಸ: ಮನೆಯಲ್ಲಿ ಒಮ್ಮೆ ಮಾಡಿ ನೋಡುವುದು, ಸಾಮಗ್ರಿಯ ಪಟ್ಟಿ ಬೆಲೆ ಸಹಿತ ಬರೆಯುವುದು, ಆ ಕೆಲಸ ಗೊತ್ತಿರುವ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗುವುದು. ಬಂದ ಮೇಲೆ ಒಂದು ಕೆಲಸ: ಯಾವುದು ಕೆಲಸ ಮಾಡಲಿಲ್ಲ ಎಂದು ಬರೆದಿಡುವುದು. ಮುಂದೆ ಹೋಗುವವರಿಗೆ ಅದೇ ಹೆಚ್ಚು ಉಪಯೋಗ.

ಕೊನೆಯದಾಗಿ ನನ್ನ ಮಾತು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದಿದ್ದೇವೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು. ಹತ್ತನೇ ತರಗತಿ ಆದ ಮೇಲೆ ನಾನು ವಾಣಿಜ್ಯ ಆರಿಸಿಕೊಂಡೆ. ಅದರ ಬಗ್ಗೆ ಬೇಸರ ಇಲ್ಲ, ಲೆಕ್ಕ ನನಗೆ ಇಷ್ಟ. ಆದರೆ ಬಿಟ್ಟುಕೊಟ್ಟದ್ದರ ಬೆಲೆ ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಕುಳಿತರೂ ನನ್ನ ಕೈಯಿಂದ ಒಂದು ವಸ್ತುವನ್ನೂ ಮಾಡಿರಲಿಲ್ಲ. ಮುಟ್ಟದೆಯೇ ಬೇಡ ಎಂದಿದ್ದೆ.

ತಮ್ಮ ನಾಳೆ ಇಂಜಿನಿಯರ್ ಆಗಲಿ, ಅಂಗಡಿ ಇಡಲಿ, ಮೇಷ್ಟ್ರಾಗಲಿ. ಒಮ್ಮೆ ಮುಟ್ಟಿ ನೋಡಿ ಆರಿಸಿಕೊಳ್ಳಲಿ ಎಂಬುದಷ್ಟೇ ನನ್ನ ಆಸೆ. ಕಳೆದ ವಾರ ಅಮ್ಮಿ ಟಿವಿ ಮೇಲಿನ ಗಾಳಿಯಂತ್ರವನ್ನು ಒರೆಸಿ ಅವನ ಕೈಗೆ ಕೊಟ್ಟು, "ತಗೋ, ಬಿಚ್ಚು" ಎಂದಿದ್ದಾರೆ. ಅಬ್ಬಾ ಸ್ಕ್ರೂಡ್ರೈವರ್ ತರುತ್ತೇನೆ ಎಂದಿದ್ದಾರೆ. ಈ ಭಾನುವಾರ ಬಿಚ್ಚುತ್ತೇವೆ.